ಬೆಳ್ಳುಳ್ಳಿ ಕಷಾಯ ಹೊಡೆದರೂ ಈರುಳ್ಳಿ ಎಲೆ ತಿರುಚಿಕೊಂಡಿತು, ಯಾಕೆ?

ಭರಮಸಾಗರದವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಭರಮಸಾಗರದ ಹತ್ತಿರ ಎರಡೂವರೆ ಎಕರೆ ಹೊಲ. ಮಳೆಗಾಲಕ್ಕೆ ಈರುಳ್ಳಿ ಹಾಕುತ್ತೇವೆ. ಬೇಸಾಯ ಅಪ್ಪನದು. ನಾನು ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ ಊರಿಗೆ ಬಂದವಳು, ಮನೆಯ ಲೆಕ್ಕದ ಪುಸ್ತಕ ಮಾತ್ರ ನನ್ನ ಕೈಯಲ್ಲಿದೆ.

ಈ ಸಲ ಗಡ್ಡೆ ಕಟ್ಟುವ ಹೊತ್ತಿಗೆ ಸರಿಯಾಗಿ ಜಿಟಿಜಿಟಿ ಮಳೆ ಹಿಡಿಯಿತು. ಹತ್ತು ದಿನ ಬಿಸಿಲೇ ಕಾಣಲಿಲ್ಲ. ಮೊದಲು ಎಲೆ ಹಳದಿಯಾಯಿತು, ಆಮೇಲೆ ಹಾವು ಸುತ್ತಿದ ಹಾಗೆ ತಿರುಚಿಕೊಂಡಿತು. ಕುತ್ತಿಗೆ ಉದ್ದಕ್ಕೆ ಎಳೆದುಕೊಂಡು ಗಡ್ಡೆ ಗೋಲಿ ಗಾತ್ರಕ್ಕೇ ನಿಂತಿತು. ಕೆಲವರು ಹಾವುಸುಳಿ ಅನ್ನುತ್ತಾರೆ. ಔಷಧಿ ಅಂಗಡಿಯವರು ಟ್ವಿಸ್ಟರ್ ಅಂದರು, ಫಂಗಸ್ ಅಂದರು, ಮೂರು ಬಾಟಲಿ ತೋರಿಸಿದರು. ರೇಟು ಕೇಳಿ ಅಪ್ಪ ವಾಪಸ್ ಬಂದರು.

ಯಾರೋ ವಾಟ್ಸಾಪಿನಲ್ಲಿ ಬೆಳ್ಳುಳ್ಳಿ ಕಷಾಯ ಕಳಿಸಿದ್ದರು. ಎರಡು ಕೆ.ಜಿ. ಬೆಳ್ಳುಳ್ಳಿ, ಒಂದು ಕೆ.ಜಿ. ಹಸಿಮೆಣಸಿನಕಾಯಿ. ಬೆಳ್ಳುಳ್ಳಿಯನ್ನು ಇಡಿಯಾಗಿ ಹಂಡೆಗೆ ಹಾಕಿ ಅರ್ಧ ದಿನ ಕುದಿಸಿ, ಮೂರು ದಿನ ಮುಚ್ಚಿಟ್ಟು, ಸೋಸಿದೆವು. ಹದಿನಾರು ಲೀಟರಿನ ಟ್ಯಾಂಕು, ಮೂವತ್ತು ಸಲ ತುಂಬಿ ಹೊಡೆದರು ಅಪ್ಪ. ಕೇರಿಯವರೆಲ್ಲ ನಿಮ್ಮನೆಯಲ್ಲಿ ಏನು ಒಗ್ಗರಣೆ ಅಂತ ಕೇಳಿದರು. ಎಲೆ ಮಾತ್ರ ಸುತ್ತಿಕೊಳ್ಳುತ್ತಲೇ ಹೋಯಿತು.

ಇನ್ನೊಂದು ಮಾತು. ಅಪ್ಪನಿಗೆ ಮೀನಖಂಡದ ಮೇಲೆ ಗಜಕರ್ಣ ಇದೆ. ಅದೂ ಫಂಗಸ್ಸೇ ಅಂತ ಕೇಳಿ, ಮಿಕ್ಕಿದ್ದ ಹಸಿ ಬೆಳ್ಳುಳ್ಳಿಯನ್ನು ಅರೆದು ರಾತ್ರಿ ಬಟ್ಟೆ ಕಟ್ಟಿ ಮಲಗಿದರು. ಬೆಳಗ್ಗೆ ನೋಡಿದರೆ ಬಿಸಿನೀರು ಬಿದ್ದ ಹಾಗೆ ಬೊಬ್ಬೆ! ಚರ್ಮ ಸುಡುವಷ್ಟು ಖಾರದ ವಸ್ತು ಹೊಲದಲ್ಲಿ ಯಾಕೆ ಸುಮ್ನೆ ಕೂತಿತು? ಗಿಡಗಳಲ್ಲಿ ನಿಜಕ್ಕೂ ಫಂಗಸ್ ಕೊಲ್ಲುವ ಸಾರ ಇರುತ್ತದಾ? ಇದ್ದರೆ ಅದು ಮಾಡುವುದಾದರೂ ಏನು? ಗೊತ್ತಿದ್ದವರು ಹೇಳಿ.

ಕೆಂಪುಮಣ್ಣು

ಗೋಮೂತ್ರ ಹಾಕಿಲ್ಲ ನೀವು. ಅದಿಲ್ಲದೆ ಯಾವ ಕಷಾಯವೂ ಹಿಡಿಯಲ್ಲ. ಬೇವಿನೆಣ್ಣೆಯನ್ನೂ ಸೇರಿಸಿ, ಎಲ್ಲ ರೋಗಕ್ಕೂ ಅದೊಂದೇ ಸಾಕು. ಕೆಮಿಕಲ್ ಕಡೆ ಹೋಗಬೇಡಿ.

ಅಗಾರ್ ತಟ್ಟೆ

ತಂಗಿ, ನಾನು ವಿಜ್ಞಾನಿ ಅಲ್ಲ. ಬೆಳೆ ರೋಗದ ಒಂದು ಲ್ಯಾಬಿನಲ್ಲಿ ಗಾಜಿನ ತಟ್ಟೆ ತೊಳೆಯಲು ಸೇರಿ, ಮೂವತ್ತೊಂದು ವರ್ಷ ಅಲ್ಲೇ ಇದ್ದು ರಿಟೈರ್ ಆದವನು. ಈಗ ದಾವಣಗೆರೆಯಲ್ಲಿ ಮೊಮ್ಮಗನನ್ನು ಸ್ಕೂಲಿಗೆ ಬಿಡುವುದೇ ಡ್ಯೂಟಿ. ಆದರೆ ನಿಮ್ಮ ಅಪ್ಪ ಮಾಡಿದ ತಪ್ಪನ್ನು ನಾನೂ ಮಾಡಿದ್ದೇನೆ, ಸರ್ಕಾರಿ ಖರ್ಚಿನಲ್ಲಿ. ಅದಕ್ಕೇ ಬರೆಯುತ್ತಿದ್ದೇನೆ.

ಒಬ್ಬ ಹುಡುಗ ಎಂ.ಎಸ್ಸಿ.ಗೆ ಬೆಳ್ಳುಳ್ಳಿ ರಸ ಹಿಡಿದುಕೊಂಡಿದ್ದ. ಈರುಳ್ಳಿಯ ನೇರಳೆ ಮಚ್ಚೆ ರೋಗ ಗೊತ್ತಲ್ಲ, ಅದರ ಫಂಗಸ್ ಆಲ್ಟರ್ನೇರಿಯಾ. ಅದಕ್ಕೆ ಈ ರಸ ತಾಗುತ್ತದಾ ನೋಡಬೇಕಿತ್ತು. ಹೀಗೆ ಮಾಡುತ್ತಾರೆ. ಆಲೂಗಡ್ಡೆ ಬೇಯಿಸಿದ ನೀರು, ಸಕ್ಕರೆ, ಅಗಾರ್ ಹಾಕಿ ಗಂಜಿ ಕಾಯಿಸುವುದು. ಅದು ತಟ್ಟೆಯಲ್ಲಿ ಹೆಪ್ಪುಗಟ್ಟಿದರೆ ಫಂಗಸ್ಸಿಗೆ ಹಬ್ಬದೂಟ. ಆ ಗಂಜಿಗೇ ರಸ ಬೆರೆಸಿ, ನಡುವೆ ಐದು ಮಿಲಿಮೀಟರಿನ ಫಂಗಸ್ ಬಿಲ್ಲೆ ಇಟ್ಟು, ವಾರ ಬಿಟ್ಟು ಸ್ಕೇಲಿನಲ್ಲಿ ಅಳೆಯುವುದು. ಪಕ್ಕದಲ್ಲಿ ರಸ ಹಾಕದ ತಟ್ಟೆ ಇರಲೇಬೇಕು. ಈ ಪಕ್ಕದ ತಟ್ಟೆಯನ್ನು ಮರೆಯಬೇಡಿ, ಆಮೇಲೆ ಬೇಕಾಗುತ್ತದೆ.

ಗಂಜಿಯನ್ನು ಆಟೋಕ್ಲೇವಿಗೆ ಹಾಕಿ ಕ್ರಿಮಿ ಕಳೆಯುವುದು ನನ್ನ ಕೆಲಸ. ಅದೊಂದು ದೊಡ್ಡ ಕುಕ್ಕರ್ ಅಂದುಕೊಳ್ಳಿ, 121 ಡಿಗ್ರಿ. ಎರಡು ಕೆಲಸ ಯಾಕೆ ಅಂತ ಬೆಳ್ಳುಳ್ಳಿಯನ್ನೂ ಗಂಜಿಯ ಜೊತೆಗೇ ಹಾಕಿ ಕೂಗಿಸಿಬಿಟ್ಟೆ. ವಾರದ ಮೇಲೆ ನೋಡಿದರೆ ಬೆಳ್ಳುಳ್ಳಿ ಹಾಕಿದ ತಟ್ಟೆಗೂ ಹಾಕದ ತಟ್ಟೆಗೂ ಒಂದೇ ಬೆಳೆ. ಹುಡುಗ ಅಳುವುದೊಂದು ಬಾಕಿ. ಪ್ರೊಫೆಸರರು ಮೂಸಿ ನೋಡಿ ಅಂದರು, "ನೀನು ಔಷಧಿ ಮಾಡಿಲ್ಲ ಕಣಯ್ಯ, ಬೆಳ್ಳುಳ್ಳಿ ಸಾರು ಮಾಡಿದ್ದೀಯ."

ಗುಟ್ಟು ಇಷ್ಟೇ. ಸಿಪ್ಪೆ ಬಿಡಿಸಿದ ಇಡೀ ಎಸಳನ್ನು ಮೂಸಿ ನೋಡಿ, ಹೆಚ್ಚು ವಾಸನೆ ಬರುವುದಿಲ್ಲ. ಜಜ್ಜಿ ನೋಡಿ, ಮೂಗಿಗೆ ಹೊಡೆಯುತ್ತದೆ. ಅಂದರೆ ಆ ಖಾರ ಬೆಳ್ಳುಳ್ಳಿಯೊಳಗೆ ತಯಾರಾಗಿ ಇರಲೇ ಇಲ್ಲ. ಅಲಿಯಿನ್ ಎಂಬ ವಸ್ತು ಒಂದು ಕಡೆ ಇರುತ್ತದೆ. ಅಲಿನೇಸ್ ಎಂಬ ಕಿಣ್ವ ಬೇರೊಂದು ಚೀಲದಲ್ಲಿ ಇರುತ್ತದೆ. ಹುಳು ಕಚ್ಚಿದಾಗಲೋ ನಾವು ಜಜ್ಜಿದಾಗಲೋ ಚೀಲ ಒಡೆದು ಎರಡೂ ಸೇರುತ್ತವೆ, ಕೆಲವೇ ಸೆಕೆಂಡಿನಲ್ಲಿ ಅಲಿಸಿನ್ ಹುಟ್ಟುತ್ತದೆ. ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಇದನ್ನು ಬೇರ್ಪಡಿಸಿ ತೋರಿಸಿದ್ದು 1944ರಲ್ಲಿ. ಇಡೀ ಎಸಳನ್ನು ಕುದಿಸಿದರೆ ಕಿಣ್ವವೇ ಬೆಂದು ಸಾಯುತ್ತದೆ. ಆಮೇಲೆ ಎಷ್ಟು ಹಿಂಡಿದರೂ ಅಲಿಸಿನ್ ಬರುವುದಿಲ್ಲ. ನಿಮ್ಮ ಕೇರಿಯವರಿಗೆ ಬಂದದ್ದು ಬೆಂದ ಬೆಳ್ಳುಳ್ಳಿಯ ಘಮ, ಅದು ಬೇರೆಯೇ.

ಅಲಿಸಿನ್ ಮಾಡುವುದೇನು ಅಂದರೆ, ಫಂಗಸ್ಸಿನ ಕಿಣ್ವಗಳಲ್ಲಿ ಗಂಧಕದ ಕೊಂಡಿಗಳಿವೆ, ಅಲ್ಲಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಬೀಗದ ಕಿಂಡಿಗೆ ಮೇಣ ತುಂಬಿದ ಹಾಗೆ. ಒಂದು ಬೀಗವಲ್ಲ, ಮನೆಯ ಎಲ್ಲ ಬೀಗಕ್ಕೂ. ಆದರೆ ಅದಕ್ಕೆ ಫಂಗಸ್ ಯಾವುದು, ನಿಮ್ಮಪ್ಪನ ಕಾಲು ಯಾವುದು ಅನ್ನುವ ಭೇದ ಇಲ್ಲ. ನಮ್ಮ ಚರ್ಮದಲ್ಲೂ ಅಂಥ ಗಂಧಕದ ಕೊಂಡಿಗಳಿವೆ. ಅರೆದು ರಾತ್ರಿಯೆಲ್ಲ ಕಟ್ಟಿದರೆ ಸುಡದೆ ಇನ್ನೇನು?

ಆಮೇಲೆ ನಾವು ಹಸಿ ಬೆಳ್ಳುಳ್ಳಿ ಜಜ್ಜಿ, ಕಾಯಿಸದೆ ಸಣ್ಣ ಸೋಸುಕದಲ್ಲಿ ಸೋಸಿ, ಗಂಜಿ ಕೈ ತಡೆಯುವಷ್ಟು ಆರಿದ ಮೇಲೆ ಬೆರೆಸಿದೆವು. ನೂರು ಪಾಲಿಗೆ ಹತ್ತು ಪಾಲು. ಬಿಲ್ಲೆ ಇಟ್ಟಲ್ಲೇ ಒಣಗಿ ಕೂತಿತು ಫಂಗಸ್. ಹುಡುಗ ಪೇಡ ಹಂಚಿದ.

ಈಗ ನಿಮ್ಮ ಲೆಕ್ಕದ ಪುಸ್ತಕ ತೆಗೆಯಿರಿ. ಹದಿನಾರು ಲೀಟರ್, ಮೂವತ್ತು ಸಲ, ಅಂದರೆ 480 ಲೀಟರ್. ಬೆಳ್ಳುಳ್ಳಿ ಎರಡು ಕೆ.ಜಿ. ಲೀಟರಿಗೆ ಹೆಚ್ಚೂ ಕಡಿಮೆ ನಾಲ್ಕು ಗ್ರಾಂ ಆಯಿತು. ನಮ್ಮ ತಟ್ಟೆಯಲ್ಲಿದ್ದದ್ದು ಲೀಟರಿಗೆ ನೂರು ಗ್ರಾಂ ಲೆಕ್ಕ. ಅಷ್ಟು ಹಾಕಬೇಕೆಂದರೆ ನಿಮಗೆ 48 ಕೆ.ಜಿ. ಬೇಕು, ಅದೂ ಒಂದು ಸಲಕ್ಕೆ. ಬೆಳ್ಳುಳ್ಳಿ ರೇಟು ನಿಮಗೇ ಗೊತ್ತು. ಅಂಗಡಿಯವನ ಬಾಟಲಿಯೇ ಅಗ್ಗ ಅನ್ನಿಸುತ್ತದೆ. ಮೇಲಾಗಿ ತಟ್ಟೆಗೆ ಮುಚ್ಚಳ ಇರುತ್ತದೆ, ಆವಿ ಒಳಗೇ ಸುತ್ತುತ್ತದೆ. ಹೊಲಕ್ಕೆ ಮುಚ್ಚಳ ಎಲ್ಲಿದೆ? ಗಾಳಿ, ಮಳೆ, ಬಿಸಿಲು. ಅಲಿಸಿನ್ ತಾನಾಗಿಯೇ ಒಡೆದು ಬೇರೆ ವಸ್ತುವಾಗುವ ಜಾತಿ, ಮೂರು ದಿನ ಮುಚ್ಚಿಟ್ಟರೆ ಕಳೆದುಕೊಳ್ಳುವುದೇ ಜಾಸ್ತಿ.

ಕೆಂಪುಮಣ್ಣು ಅವರೇ, ಬೇವಿನ ಮೇಲೆ ನನಗೂ ಪ್ರೀತಿ ಇದೆ. ಆದರೆ ಅದರ ಅಜಾಡಿರಾಕ್ಟಿನ್ ಮುಖ್ಯವಾಗಿ ಹುಳುಗಳ ಶತ್ರು. ಬೇವಿನೆಣ್ಣೆ ಬೂದಿ ರೋಗಕ್ಕೆ ನಡೆಯುತ್ತದೆ, ಯಾಕೆಂದರೆ ಆ ಫಂಗಸ್ ಎಲೆಯ ಮೇಲೆಯೇ ಬಿಳಿ ಪುಡಿಯ ಹಾಗೆ ಕೂತಿರುತ್ತದೆ, ಎಣ್ಣೆ ಅದಕ್ಕೆ ಮೆತ್ತಿಕೊಳ್ಳುತ್ತದೆ. ಈ ತಂಗಿಯ ಹೊಲದ್ದು ಕೊಲೆಟೋಟ್ರೈಕಮ್ ಎಂಬ ಫಂಗಸ್. ಎಲೆ ತಿರುಚುವ ಹೊತ್ತಿಗೆ ಅದು ಒಳಗೆ ಸೇರಿ ಬಾಗಿಲು ಹಾಕಿಕೊಂಡಾಗಿದೆ. ಎಲ್ಲ ರೋಗಕ್ಕೂ ಒಂದೇ ಅಂದಾಗಲೇ ನನಗೆ ಗುಮಾನಿ ಬರುತ್ತದೆ.

ಗಾಣದಮನೆ, ಚಳ್ಳಕೆರೆ

ಹಿರಿಯರೇ, ಹಾಗಾದರೆ ಗಿಡದ ಸಾರ ಎಲ್ಲ ತಟ್ಟೆಯೊಳಗಿನ ಆಟ ಅಂತಾಯಿತು. ನಮ್ಮ ಕಡೆ ಶೇಂಗಾಕ್ಕೆ ಏನೇನೋ ಹೊಡೆಯುತ್ತಾರೆ. ಎಲ್ಲ ದಂಡವಾ?

ಅಗಾರ್ ತಟ್ಟೆ

ಎಣ್ಣೆ ಊರಿನವರು ಕೇಳಿದ್ದು ಒಳ್ಳೆಯದಾಯಿತು. ದಂಡ ಅಲ್ಲ. ಗಿಡದ ಸಾರ ಗಿಡದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಿಮ್ಮ ಶೇಂಗಾವೇ ಅದಕ್ಕೆ ಸಾಕ್ಷಿ.

ಹಸಿ ಶೇಂಗಾ ಬೀಜಕ್ಕೆ ಗಾಯವಾಗಿ ಫಂಗಸ್ ತಗುಲಿದರೆ, ಆ ಬೀಜ ಸುಮ್ಮನಿರುವುದಿಲ್ಲ. ರೆಸ್ವೆರಟ್ರಾಲ್ ಎಂಬ ಸಾರವನ್ನೂ ಅದರ ದಾಯಾದಿಗಳನ್ನೂ ಅಲ್ಲಿಯೇ ಹೊಸದಾಗಿ ಮಾಡಿಕೊಳ್ಳುತ್ತದೆ. ಬೆಳ್ಳುಳ್ಳಿಯದು ಎರಡು ಚೀಲ ಸೇರಿಸುವ ಉಪಾಯ. ಇದು ಹಾಗಲ್ಲ, ಕಳ್ಳ ಬಂದ ಮೇಲೆ ಕುಲುಮೆ ಹಚ್ಚಿ ಕತ್ತಿ ಬಡಿಯುವ ಉಪಾಯ. ಇಂಥವಕ್ಕೆ ಫೈಟೋಅಲೆಕ್ಸಿನ್ ಅನ್ನುತ್ತಾರೆ. ಜರ್ಮನಿಯ ಮುಲ್ಲರ್ ಮತ್ತು ಬೋರ್ಗರ್ 1940ರಲ್ಲಿ ಆಲೂಗಡ್ಡೆ ನೋಡಿ ಈ ವಿಚಾರ ಹೇಳಿದರು.

ಕತ್ತಿ ಬಡಿಯಲು ಬೀಜದಲ್ಲಿ ನೀರಿನಂಶ ಬೇಕು. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದರೆ ಬೀಜ ಒಣಗುತ್ತದೆ, ಕುಲುಮೆ ಆರುತ್ತದೆ. ಆಗ ನುಗ್ಗುವುದೇ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರು ಬೂಷ್ಟು, ಅದು ಬಿಡುವ ವಿಷವೇ ಅಫ್ಲಟಾಕ್ಸಿನ್. ಈ ವಿಷ ಲೋಕಕ್ಕೆ ಗೊತ್ತಾಗಿದ್ದು 1960ರಲ್ಲಿ. ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಒಂದು ಲಕ್ಷದಷ್ಟು ಟರ್ಕಿ ಕೋಳಿ ಸತ್ತವು. ಚಳ್ಳಕೆರೆಯ ಬರಗಾಲ ನಿಮಗೆ ನಾನು ಹೇಳಬೇಕಿಲ್ಲ. ಕೊನೆಯ ಹದ ತಪ್ಪಿದ ವರ್ಷ ಒಂದು ನೀರು ಕೊಡಲು ಆದರೆ ಕೊಡಿ. ಕಿತ್ತ ಮೇಲೆ ಬೇಗ, ಚೆನ್ನಾಗಿ ಒಣಗಿಸಿ. ಯಾವ ಕಷಾಯಕ್ಕಿಂತಲೂ ಇದು ದೊಡ್ಡದು.

ಕೊಳೆ ಕಾಟ, ಚನ್ನಗಿರಿ

ಅಡಿಕೆ ಕೊಳೆಗೂ ಲವಂಗದೆಣ್ಣೆ ಅಂತ ಒಬ್ಬ ಮಾರಲು ಬಂದಿದ್ದ. ಏನಂತೀರಿ?

ಅಗಾರ್ ತಟ್ಟೆ

ಬೋರ್ಡೋ ದ್ರಾವಣ ಬಿಡಬೇಡಿ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಮೈಸೂರು ಸೀಮೆಯಲ್ಲಿ ಇದನ್ನು ಅಡಿಕೆಗೆ ಹಿಡಿಸಿದವರು ಕೋಲ್ಮನ್ ಸಾಹೇಬರು, ಕೆನಡಾದವರು. ಅವರು ಕೊಳೆರೋಗದ ಬಗ್ಗೆ ಬರೆದದ್ದು 1910ರಲ್ಲಿ.

ಲವಂಗದ ಯೂಜಿನಾಲ್, ಓಮದ ಥೈಮಾಲ್, ಇವು ಫಂಗಸ್ಸಿನ ಪೊರೆಗೆ ಹೋಗಿ ಸೇರಿಕೊಂಡು ತೂತು ಮಾಡುತ್ತವೆ, ಒಳಗಿನ ಉಪ್ಪಿನಂಶ ಸೋರಿಹೋಗುತ್ತದೆ. ಅದು ಸುಳ್ಳಲ್ಲ. ಆದರೆ ಜಾಸ್ತಿ ಆದರೆ ಎಲೆಯ ಪೊರೆಯನ್ನೂ ಬಿಡುವುದಿಲ್ಲ, ಎಲೆ ಸುಡುತ್ತದೆ. ಇನ್ನೊಂದು ವಿಷಯ, ಅಡಿಕೆ ಕೊಳೆಯ ಫೈಟೋಫ್ತೊರಾ ಅಸಲಿಗೆ ಫಂಗಸ್ಸೇ ಅಲ್ಲ. ಹಾಗೆ ಕಾಣುತ್ತದೆ ಅಷ್ಟೇ, ನೀರಿನ ಪಾಚಿಯ ದೂರದ ನೆಂಟ. ಫಂಗಸ್ಸಿನ ಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ಜಿಡ್ಡು ಇರುತ್ತದೆ. ಈ ಜೀವಿ ಅದನ್ನು ಮಾಡಿಕೊಳ್ಳುವುದೇ ಇಲ್ಲ. ಅದಕ್ಕೇ ಹೆಸರಿನ ಕೊನೆಗೆ "ಕೊನಜೋಲ್" ಅಂತ ಇರುವ ಔಷಧಿಗಳು ಕೊಳೆಗೆ ಹಿಡಿಯುವುದಿಲ್ಲ. ಅವು ಎರ್ಗೋಸ್ಟೆರಾಲ್ ತಯಾರಿ ನಿಲ್ಲಿಸುವ ಔಷಧಿಗಳು. ಇಲ್ಲದ ಅಂಗಡಿಗೆ ಬೀಗ ಹಾಕಿದರೆ ಏನು ಬಂತು?

ಅಂದಹಾಗೆ, ಕಾಫಿಯ ಕಪ್ಪು ಕೊಳೆ ರೋಗದ ಫಂಗಸ್ಸಿಗೆ ಲ್ಯಾಟಿನ್ ಹೆಸರಿನಲ್ಲೇ ನಮ್ಮ ಕೊಳೆರೋಗವನ್ನು ಕೊಲೆರೋಗ ಅಂತ ಸೇರಿಸಿದ್ದಾರೆ. ನಮ್ಮ ಭಾಷೆಯಿಂದ ವಿಜ್ಞಾನಕ್ಕೆ ಹೋದದ್ದು ಇದೊಂದಾದರೂ ಇದೆ, ರೋಗವೇ ಆದರೂ.

ಮೆಡಿಕಲ್ ಅಂಗಡಿ, ದುರ್ಗ

ತಂಗಿಯ ಅಪ್ಪನ ಗಜಕರ್ಣದ ಬಗ್ಗೆ ಯಾರೂ ಹೇಳಲಿಲ್ಲ. ಚಿತ್ರದುರ್ಗದಲ್ಲಿ ನನ್ನದು ಮೆಡಿಕಲ್ ಶಾಪ್. ಬೊಬ್ಬೆ ಒಡೆಯಬೇಡಿ, ಡಾಕ್ಟರಿಗೆ ತೋರಿಸಿ. ಗಜಕರ್ಣಕ್ಕೆ ಹಚ್ಚುವ ಕ್ಲೋಟ್ರಿಮಜೋಲ್, ಕೀಟೊಕೊನಜೋಲ್ ಕೂಡ ಮೇಲೆ ಹಿರಿಯರು ಹೇಳಿದ ಆ ಎರ್ಗೋಸ್ಟೆರಾಲ್ ಮೇಲೇ ಹೋಗುವುದು. ನಮ್ಮ ಜೀವಕೋಶದ ಪೊರೆಯಲ್ಲಿ ಇರುವುದು ಕೊಲೆಸ್ಟೆರಾಲ್. ಅದಕ್ಕೇ ಇವು ಚರ್ಮ ಸುಡುವುದಿಲ್ಲ, ಬೆಳ್ಳುಳ್ಳಿ ಸುಡುತ್ತದೆ.

ಗಿಡದ ಸಾರ ಬೇಕೇ ಬೇಕು ಅನ್ನುವವರಿಗೆ ಒಂದು ಹಳೇ ಮುಲಾಮು ಇದೆ, ವಿಟ್‌ಫೀಲ್ಡ್ ಮುಲಾಮು. ಅದರಲ್ಲಿರುವುದು ಬೆಂಜೋಯಿಕ್ ಆಮ್ಲ ನೂರಕ್ಕೆ ಆರು, ಸ್ಯಾಲಿಸಿಲಿಕ್ ಆಮ್ಲ ನೂರಕ್ಕೆ ಮೂರು. ಮೊದಲನೆಯದು ಹಿಂದಿನ ಕಾಲದಲ್ಲಿ ಲೋಬಾನದಿಂದ ಬಂದದ್ದು, ಎರಡನೆಯದರ ಹೆಸರು ವಿಲೋ ಮರದ್ದು. ಈಗ ಎರಡೂ ಫ್ಯಾಕ್ಟರಿಯಲ್ಲೇ ಆಗುತ್ತವೆ, ಆ ಮಾತು ಬೇರೆ.

ಸ್ಟೆರಾಯ್ಡ್ ಬೆರೆಸಿದ ಮಿಕ್ಸ್ ಕ್ರೀಮ್ ಮಾತ್ರ ಬೇಡ. ಎರಡು ದಿನಕ್ಕೆ ಕಡಿತ ನಿಲ್ಲುತ್ತದೆ, ಒಳಗೆ ಫಂಗಸ್ ಹರಡುತ್ತಲೇ ಇರುತ್ತದೆ. ನಮ್ಮ ದೇಶದಲ್ಲಿ ಈಗ ಟ್ರೈಕೊಫೈಟಾನ್ ಇಂಡೋಟಿನಿಯೆ ಅಂತ ಒಂದು ಜಾತಿ ಹಬ್ಬಿದೆ. ಅದರಲ್ಲಿ ಎಷ್ಟೋ ತಳಿಗಳು ಟರ್ಬಿನಾಫಿನ್ ಮಾತ್ರೆಗೂ ಬಗ್ಗುವುದಿಲ್ಲ. ಡಾಕ್ಟರು ಹೇಳಿದಷ್ಟು ವಾರ ಪೂರ್ತಿ ಹಚ್ಚಬೇಕು, ಮಾಸಿತು ಅಂತ ನಿಲ್ಲಿಸಬಾರದು. ಮನೆಯಲ್ಲಿ ಟವೆಲ್ ಬೇರೆ ಬೇರೆ ಇಡಿ.

ಭರಮಸಾಗರದವಳು

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನನ್ನು ನಿನ್ನೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಲೀಟರಿಗೆ ನಾಲ್ಕು ಗ್ರಾಂ ಲೆಕ್ಕ ಕೇಳಿ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಪಾಯಿಂಟ್ ಹಾಕಿದರು, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಈರುಳ್ಳಿಯೂ ಬೆಳ್ಳುಳ್ಳಿಯ ತಂಗಿಯೇ. ಹೆಚ್ಚಿದರೆ ಕಣ್ಣಲ್ಲಿ ನೀರು ಬರುತ್ತದೆ. ಅಷ್ಟು ಖಾರ ಒಳಗಿಟ್ಟುಕೊಂಡ ಗಿಡಕ್ಕೆ ಫಂಗಸ್ ಬರುವುದಾದರೂ ಹೇಗೆ?

ಅಗಾರ್ ತಟ್ಟೆ

ನಿಮ್ಮಪ್ಪ ಲ್ಯಾಬಿಗೆ ಬರಬೇಕಿತ್ತು. ಮೂವತ್ತೊಂದು ವರ್ಷದಲ್ಲಿ ಎಂ.ಎಸ್ಸಿ. ಹುಡುಗರು ಇದನ್ನು ಕೇಳಿದ್ದು ಕಡಿಮೆ.

ಬೂಷ್ಟಿನಲ್ಲಿ ಸಾವಿರಾರು ಜಾತಿ. ಈರುಳ್ಳಿಯ ಖಾರಕ್ಕೆ ಹೆದರಿ ದೂರ ಇರುವವೇ ಜಾಸ್ತಿ. ನಿಮ್ಮ ಹೊಲದಲ್ಲಿ ಕಾಣುವುದು ಆ ಖಾರವನ್ನು ಅರಗಿಸಿಕೊಂಡ ನಾಲ್ಕೈದು ಮಾತ್ರ. ತಂಪು ದೇಶಗಳಲ್ಲಿ ಈರುಳ್ಳಿಗೆ ಬಿಳಿ ಕೊಳೆ ಅಂತ ಒಂದು ರೋಗ ಇದೆ. ಆ ಫಂಗಸ್ ಸಾಸಿವೆಗಿಂತ ಸಣ್ಣ ಗಂಟಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ಏಳುವುದು ಯಾವಾಗ ಗೊತ್ತಾ? ಈರುಳ್ಳಿ, ಬೆಳ್ಳುಳ್ಳಿ ಬೇರಿನ ಗಂಧಕದ ವಾಸನೆ ಬಂದಾಗ. ಕಳ್ಳರನ್ನು ಓಡಿಸಲು ಇಟ್ಟ ವಾಸನೆಯೇ ಈ ಕಳ್ಳನಿಗೆ ಊಟದ ಗಂಟೆ. ಅಲ್ಲಿನವರು ಅದನ್ನೇ ತಿರುಗಿಸಿ, ಬೆಳೆ ಇಲ್ಲದಾಗ ಮಣ್ಣಿಗೆ ಬೆಳ್ಳುಳ್ಳಿ ಎಣ್ಣೆ ಹಾಕಿ ಅದನ್ನು ಎಬ್ಬಿಸಿ, ಹಸಿವಿನಿಂದ ಸಾಯಿಸಲು ನೋಡಿದ್ದಾರೆ. ನನಗೆ ತುಂಬ ಇಷ್ಟವಾದ ಉಪಾಯ ಇದು.

ಇನ್ನು ನಿಮ್ಮ ಕೆಂಪು ಈರುಳ್ಳಿ. ಅದರ ಒಣ ಸಿಪ್ಪೆಯಲ್ಲಿ ಕ್ಯಾಟೆಕಾಲ್, ಪ್ರೊಟೊಕ್ಯಾಟೆಕುಯಿಕ್ ಆಮ್ಲ ಅಂತ ಎರಡು ವಸ್ತು ಇವೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಾಕರ್, ಲಿಂಕ್ ಮತ್ತು ಜೊತೆಯವರು 1929ರಿಂದ 1933ರ ಹೊತ್ತಿಗೆ ಇದನ್ನು ತೋರಿಸಿದರು. ಅಲ್ಲಿ ಬಿಳಿ ಈರುಳ್ಳಿಗೆ ಕಪ್ಪು ಮಸಿ ಹಚ್ಚಿದಂಥ ರೋಗ ಬರುತ್ತಿತ್ತು, ಬಣ್ಣದ ಈರುಳ್ಳಿಗೆ ಬರುತ್ತಿರಲಿಲ್ಲ. ಸಿಪ್ಪೆಯ ಮೇಲೆ ನೀರಿನ ಹನಿ ಕೂತರೆ ಈ ವಸ್ತುಗಳು ಅದಕ್ಕೆ ಇಳಿದುಕೊಳ್ಳುತ್ತವೆ, ಆ ಹನಿಯಲ್ಲಿ ಫಂಗಸ್ಸಿನ ಬೀಜ ಮೊಳೆಯುವುದಿಲ್ಲ. ಆ ಫಂಗಸ್ಸೂ ಕೊಲೆಟೋಟ್ರೈಕಮ್ಮೇ, ನಿಮ್ಮ ಹಾವುಸುಳಿಯದರ ಅಣ್ಣತಮ್ಮ. ಇದೇ ಲಿಂಕ್ ಅವರ ಲ್ಯಾಬಿನಿಂದಲೇ ಮುಂದೆ ಇಲಿ ಪಾಷಾಣ ವಾರ್ಫರಿನ್ ಬಂತು, ಅದು ಬೇರೆ ಕಥೆ.

ಹಾಗಾದರೆ ಕೆಂಪು ಈರುಳ್ಳಿಗೆ ಹಾವುಸುಳಿ ಯಾಕೆ? ಆ ಸಾರ ಇರುವುದು ಗಡ್ಡೆಯ ಒಣ ಸಿಪ್ಪೆಯಲ್ಲಿ. ರೋಗ ಬೀಳುವುದು ಹಸಿರು ಎಲೆ, ಕುತ್ತಿಗೆಯ ಮೇಲೆ. ಕಾವಲುಗಾರ ಹಿತ್ತಿಲಲ್ಲಿ, ಕಳ್ಳ ಮುಂಬಾಗಿಲಲ್ಲಿ. ಮಾರ್ಕೆಟ್ಟಿನಲ್ಲಿ ಹೊಳಪು ಬರಲಿ ಅಂತ ಸಿಪ್ಪೆ ಉಜ್ಜಿ ತೆಗೆಯುವವರು ಇದ್ದಾರೆ. ಮೆದೆ ಹಾಕಿ ಇಡುವುದಾದರೆ ಸಿಪ್ಪೆ ಹಾಗೇ ಇರಲಿ. ಕಪ್ಪು ಬೂಷ್ಟು ಮಾತ್ರ ಈ ಸಿಪ್ಪೆಗೂ ಹೆದರುವುದಿಲ್ಲ, ಚೀಲ ಬಿಚ್ಚಿದವರಿಗೆಲ್ಲ ಗೊತ್ತು. ಅದಕ್ಕೆ ಗಾಳಿ ಮತ್ತು ಒಣಗಿಸುವುದೇ ದಾರಿ.

ಮುಂದಿನ ವರ್ಷ ಏರು ಮಡಿ ಮಾಡಿ, ನೀರು ನಿಲ್ಲಬಾರದು. ಒತ್ತಾಗಿ ಹಾಕಬೇಡಿ, ಯೂರಿಯಾ ಸುರಿಯಬೇಡಿ. ಈರುಳ್ಳಿ ಮೇಲೆ ಈರುಳ್ಳಿ ಬೇಡ, ನಡುವೆ ಮೆಕ್ಕೆಜೋಳವೋ ರಾಗಿಯೋ ಬರಲಿ. ಔಷಧಿ ಹೊಡೆಯುವುದೇ ಆದರೆ ಎಲೆ ತಿರುಚುವ ಮೊದಲು. ಯಾವುದು, ಎಷ್ಟು ಅಂತ ಹಿರಿಯೂರಿನ ಬಬ್ಬೂರು ಫಾರಂ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಂದು ಗಿಡ ಕಿತ್ತುಕೊಂಡು ಹೋಗಿ ಕೇಳಿ. ಫೋಟೊ ಸಾಲದು.

ಭರಮಸಾಗರದವಳು

ಕಾಕಾ, ಅಪ್ಪ ಬಿಡುತ್ತಿಲ್ಲ. ಮುಂದಿನ ಸಲ ನಾಲ್ಕು ಸಾಲಿಗಾದರೂ ಹಸಿ ಬೆಳ್ಳುಳ್ಳಿ ಜಜ್ಜಿ, ಕುದಿಸದೆ, ಅವತ್ತೇ ಹೊಡೆದು ನೋಡಬೇಕಂತೆ. ಬೇಡ ಅನ್ನಲಾ?

ಅಗಾರ್ ತಟ್ಟೆ

ಯಾಕೆ ಬೇಡ? ನಾಲ್ಕು ಸಾಲಿಗೆ ಒಂದು ಟ್ಯಾಂಕು ಸಾಕು, ಒಂದೂವರೆ ಕೆ.ಜಿ. ಜಜ್ಜಲಿ. ಮೊದಲು ಎರಡು ಗಿಡಕ್ಕೆ ಹೊಡೆದು ಎಲೆ ಸುಡುತ್ತದಾ ನೋಡಿ. ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್, ಒಂದು ಸಲ ಬೊಬ್ಬೆ ಬಂದದ್ದು ಸಾಕು. ಪಕ್ಕದಲ್ಲೇ ನಾಲ್ಕು ಸಾಲು ಬರೀ ನೀರು ಹೊಡೆದು ಬಿಡಿ. ಪಕ್ಕದ ತಟ್ಟೆ ಅಂತ ಹೇಳಿದ್ದು ಇದಕ್ಕೇ. ಯಾವ ಸಾಲಿಗೆ ಯಾವುದು ಅಂತ ನಿಮ್ಮಪ್ಪ ಆರಿಸಬಾರದು, ನೀವು ಚೀಟಿ ಎತ್ತಿ. ಅವರು ಆರಿಸಿದರೆ ಚೆನ್ನಾಗಿರುವ ಸಾಲಿಗೇ ಬೆಳ್ಳುಳ್ಳಿ ಹೋಗುತ್ತದೆ. ತಿರುಚಿದ ಗಿಡ ಎಷ್ಟು ಅಂತ ವಾರಕ್ಕೊಮ್ಮೆ ಎಣಿಸಿ ಆ ಲೆಕ್ಕದ ಪುಸ್ತಕದಲ್ಲೇ ಬರೆಯಿರಿ, ಆಮೇಲೆ ಇಲ್ಲಿ ಹಾಕಿ.

ಭರಮಸಾಗರದವಳು

ಓದಿ ಹೇಳಿದೆ. ಈಗಲೇ ಗೂಟ ಹುಡುಕಲು ಹಿತ್ತಿಲಿಗೆ ಹೋದರು.

ಅಗಾರ್ ತಟ್ಟೆ

ಗೂಟಕ್ಕೆ ಬಣ್ಣ ಹಚ್ಚಲು ಹೇಳಿ ತಂಗಿ. ಚೀಟಿ ಅಂಟಿಸಿದರೆ ಮಳೆಗೆ ಹೋಗುತ್ತದೆ.